ವಿರೂಪಾಪುರ ಗಡ್ಡಿ ಮತ್ತು ಲೆಕ್ಕದ ಕೊನೆಯ ಸಾಲು

2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಅಕ್ರಮ ಕಟ್ಟಡಗಳ ತೆರವಿನ ಕುರಿತ ಹೈಕೋರ್ಟಿನ 2015ರ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಆರಂಭದಲ್ಲೇ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಗೆ ಜೆಸಿಬಿಗಳು ಬಂದವು. ಹಂಪಿಯ ಎದುರು ದಂಡೆಯಲ್ಲಿ, ಭತ್ತದ ಗದ್ದೆಗಳ ಅಂಚಿಗೆ ಗುಡಿಸಲುಗಳಾಗಿ ಶುರುವಾಗಿ ರೆಸಾರ್ಟ್‌ಗಳ ಸಾಲಾಗಿ ಬೆಳೆದದ್ದು ನೆಲಸಮವಾಯಿತು. ಪರಂಪರೆಯ ರಕ್ಷಣೆ, ಅಕ್ರಮ ಕಟ್ಟಡ ಎಂಬ ಮಾತುಗಳಲ್ಲೇ ಈ ಪ್ರಸಂಗದ ಚರ್ಚೆ ಮುಗಿದುಹೋಗಿದೆ. ಆದರೆ ಅಷ್ಟೊಂದು ದುಡಿಮೆ ಮಣ್ಣುಪಾಲಾದದ್ದು ಹೇಗೆಂದು ತಿಳಿಯಲು ಹೋಟೆಲಿನ ಹಣಕಾಸು ವಿಭಾಗದ ಕುರ್ಚಿಯಿಂದಲೂ ಅದನ್ನು ನೋಡಬೇಕು.

ದೊಡ್ಡ ರೆಸಾರ್ಟ್‌ನಲ್ಲಿ ನಡುರಾತ್ರಿಯ ಹೊತ್ತಿಗೆ ನೈಟ್ ಆಡಿಟ್ ನಡೆಯುತ್ತದೆ. ಅಂದಿನ ಕೋಣೆ ಬಾಡಿಗೆ, ಊಟದ ಬಿಲ್ಲು, ಕೈಗೆ ಬಂದ ರೋಕಡ, ಕಾರ್ಡಿನಲ್ಲಿ ಬಂದ ಹಣ ಎಲ್ಲವನ್ನೂ ತಾಳೆ ನೋಡಿ ದಿನವನ್ನು ಮುಚ್ಚುತ್ತಾರೆ. ಮುಂಗಡ ಕೊಟ್ಟ ಅತಿಥಿ ಬಂದು ತಂಗುವವರೆಗೆ ಆ ಹಣ ಆದಾಯವಲ್ಲ, ಹೊಣೆ. ಹೋಟೆಲುಗಳಿಗೆಂದೇ ಏಕರೂಪದ ಲೆಕ್ಕಪದ್ಧತಿಯೊಂದು 1926ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಪರಿಷ್ಕರಣೆಗೊಳ್ಳುತ್ತ ಈಗಲೂ ಬಳಕೆಯಲ್ಲಿದೆ. ಅದರಂತೆ ಕೋಣೆ, ಅಡುಗೆಮನೆ ಮುಂತಾದ ವಿಭಾಗಗಳ ಗಳಿಕೆ ಮೇಲೆ ಬರುತ್ತದೆ. ನೆಲದ ಬಾಡಿಗೆ, ಆಸ್ತಿ ತೆರಿಗೆ, ವಿಮೆ, ಸಾಲದ ಬಡ್ಡಿ ಕೆಳಗೆ. ಮ್ಯಾನೇಜರರ ಸಾಮರ್ಥ್ಯವನ್ನು ಹೆಚ್ಚಾಗಿ ಮೇಲಿನ ಸಾಲುಗಳಲ್ಲೇ ಅಳೆಯುತ್ತಾರೆ. ಕೊನೆಯ ಸಾಲಿನವರೆಗೆ ಓದಿ, ಬೇಕಾದಾಗ ಮಾಲೀಕರಿಗೆ ‘ಬೇಡ’ ಎನ್ನಬೇಕಾದವರು ಹಣಕಾಸು ಮುಖ್ಯಸ್ಥರು.

ಗಡ್ಡಿಯಲ್ಲಿ ಮೇಲಿನ ಸಾಲುಗಳು ತುಂಬಿದ್ದವು. ಚಳಿಗಾಲದ ಸೀಸನ್ನಿಗೆ ವಿದೇಶಿಯರು ಬರುತ್ತಿದ್ದರು. ಅಪಾಯವೆಲ್ಲ ಇದ್ದದ್ದು ಕೆಳಗೆ. 1988ರ ಸರ್ಕಾರಿ ಅಧಿಸೂಚನೆ ಗಡ್ಡಿಯನ್ನು ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. 2002ರ ಕಾಯ್ದೆಯಿಂದ, ಅಲ್ಲಿನ ನಿರ್ಮಾಣಗಳಿಗೆ ಒಪ್ಪಿಗೆ ಕೊಡುವ ಹಂಪಿ ಪ್ರಾಧಿಕಾರವೂ ಬಂತು. ಪಹಣಿ, ಕೃಷಿಯೇತರ ಬಳಕೆಯ (ಎನ್‌ಎ) ಆದೇಶ, ಪ್ರಾಧಿಕಾರದ ಒಪ್ಪಿಗೆ ಕೈಯಲ್ಲಿಲ್ಲದೆ ಸಿಮೆಂಟಿಗೆ ಹಣ ಹಾಕಿದರೆ ಅದನ್ನು ಆಸ್ತಿಯೆಂದು ಬರೆಯಲು ಒಳ್ಳೆಯ ಲೆಕ್ಕಿಗರ ಕೈ ನಡುಗಬೇಕು. ಹೈಕೋರ್ಟ್ ಆದೇಶದ ನಂತರದ ಸುಮಾರು ಐದು ವರ್ಷ, ಸುಪ್ರೀಂ ಕೋರ್ಟಿನಲ್ಲಿ ಬಾಕಿ ಇದ್ದ ಮೇಲ್ಮನವಿ ಪ್ರತಿ ಅಢಾವೆ ಪತ್ರಿಕೆಯ ಟಿಪ್ಪಣಿಯಲ್ಲಿ ಸಂಭಾವ್ಯ ಹೊಣೆಯಾಗಿ ಕಾಣಬೇಕಿತ್ತು.

ಅವು ಸಣ್ಣವರ ಗೆಸ್ಟ್‌ಹೌಸುಗಳು, ಹಣಕಾಸು ಮುಖ್ಯಸ್ಥರ ಸಂಬಳ ಎಲ್ಲಿಂದ ಕೊಡಬೇಕಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹತ್ತಾರು ಮಾಲೀಕರು ಸೇರಿ ಒಬ್ಬ ನುರಿತ ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳುವುದು ಆಗದ ಮಾತಲ್ಲ. ಸುಪ್ರೀಂ ಕೋರ್ಟಿನವರೆಗೆ ಅಲೆದದ್ದಕ್ಕಿಂತ ಅದು ಅಗ್ಗ. ವರ್ಷಗಟ್ಟಲೆ ಕಟ್ಟಲು ಬಿಟ್ಟು ಆಮೇಲೆ ಕೆಡವಿದ ಸರ್ಕಾರದ ತಪ್ಪಿಲ್ಲವೇ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ತಪ್ಪಿದೆ, ದೊಡ್ಡ ತಪ್ಪೇ. ಮೊದಲ ಇಟ್ಟಿಗೆಗೇ ತಡೆ ಹಾಕಿದ್ದರೆ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಆದರೂ ಅಧಿಕಾರಿಯ ಮೌನವನ್ನು ಪರವಾನಗಿ ಎಂದು ಯಾವ ಖಾತೆಯಲ್ಲೂ ಜಮಾ ಮಾಡಲಾಗದು.

ಹೆಚ್ಚು ನೋಯಿಸುವುದು ಕೆಲಸಗಾರರ ಪಾಡು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಐದು ವರ್ಷ ಸೇವೆ ಮುಗಿಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಯಿಟಿ ಹಣ ಪಡೆಯುವ ಹಕ್ಕು ಕೊಡುತ್ತಿತ್ತು. ವ್ಯವಸ್ಥಿತ ಹಣಕಾಸು ವಿಭಾಗ ಅದಕ್ಕೆ ವರ್ಷವರ್ಷವೂ ಹಣ ತೆಗೆದಿಡುತ್ತದೆ. ಸೀಸನ್ನಿಗೆ ಬಂದು ಹೋಗುವ ಅಡುಗೆಯವರು, ಹರಿಗೋಲು ನಡೆಸುವವರು ಇಂಥ ಲೆಕ್ಕದೊಳಗೆ ಬರುವುದು ಕಡಿಮೆ. ಕೆಡವಿದ ತಿಂಗಳಲ್ಲೇ ಲಾಕ್‌ಡೌನ್ ಕೂಡ ಬಂತು. ಈಗ ಸಾಣಾಪುರ, ಆನೆಗುಂದಿ ಕಡೆ ರೆಸಾರ್ಟ್‌ಗಳು ಎದ್ದಿವೆ. ಅಲ್ಲಿ ಹಣ ಹೂಡುವವರು ಕೋಣೆಯ ದರ ಕೇಳುವ ಮೊದಲು ಹಂಪಿ ಪ್ರಾಧಿಕಾರದ ಒಪ್ಪಿಗೆ ಪತ್ರವನ್ನೂ ಗ್ರಾಚ್ಯುಯಿಟಿ ಖಾತೆಯನ್ನೂ ತೋರಿಸಿ ಎನ್ನಲಿ.