ನಡುಗುವ ಕೈ, ಓಡುವ ಲಾಳಿ

ಗದ್ವಾಲ್ ಸೀರೆ ನೇಯುವ ಊರು ರಾಜೋಳಿ. ಅಲ್ಲಿನ ನೇಕಾರರ ಮನೆಗೆ ಕ್ಯಾಮೆರಾ ಹಿಡಿದು ಹೋದರೆ ನನಗೆ ಮೊದಲು ಕೇಳುವ ಮಾತು, "ಬಾಗಿಲಿಗೆ ಅಡ್ಡ ನಿಂದ್ರಬ್ಯಾಡ ತಮ್ಮಾ, ಎಳಿ ಕಾಣವಲ್ದು." ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಆ ಬಾಗಿಲೇ ಬೆಳಕು. ಕೋಣೆಯನ್ನೆಲ್ಲ ಮಗ್ಗವೇ ತುಂಬಿರುವಾಗ ಟ್ರೈಪಾಡ್ ಊರಲು ಜಾಗ ಎಲ್ಲಿ? ಫ್ಲ್ಯಾಷ್ ಹೊಡೆದರೆ ರೇಷ್ಮೆಯ ಅಂಚು ಬೆಳ್ಳಗೆ ಮಿಂಚಿ ಬಣ್ಣವೇ ಸತ್ತುಹೋಗುತ್ತದೆ. ಇದ್ದ ಬೆಳಕಿನಲ್ಲಿ, ಕೈಯಲ್ಲೇ ಹಿಡಿದು, ಶಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ತೆರೆದು ತೆಗೆಯಬೇಕು.

ಅಷ್ಟು ಹೊತ್ತು ಯಾರ ಕೈಯೂ ಅಲುಗದೆ ನಿಲ್ಲುವುದಿಲ್ಲ. ಲೆಕ್ಕ ಹಾಕಿ ನೋಡಿ. 50 ಎಂಎಂ ಲೆನ್ಸ್ ಹಿಡಿದ ಕೈ ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದರೆ ಸೆನ್ಸರಿನ ಮೇಲೆ ಬಿಂಬ 0.087 ಮಿಲಿಮೀಟರ್ ಜಾರುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು ಸುಮಾರು 14 ಪಿಕ್ಸೆಲ್. ಒಂದು ಎಳೆ ಪಕ್ಕದ ಎಳೆಯಲ್ಲಿ ಕಲಸಿಹೋಗಲು ಇಷ್ಟು ಸಾಕು. 200 ಎಂಎಂ ಲೆನ್ಸಾದರೆ ಇದರ ನಾಲ್ಕು ಪಟ್ಟು. 50 ಎಂಎಂಗೆ ಶಟರ್ ವೇಗ ಐವತ್ತನೇ ಒಂದಕ್ಕಿಂತ ಕೆಳಗೆ ಇಳಿಸಬೇಡಿ ಎಂದು ಫೋಟೊಗ್ರಾಫರುಗಳು ಹೇಳುತ್ತಾ ಬಂದದ್ದು ಇದಕ್ಕೇ.

ಈ ಜಾರುವಿಕೆಯನ್ನು ಹಿಡಿಯುವುದು ಗೈರೊ ಸೆನ್ಸರ್. ಅಕ್ಕಿಕಾಳಿಗಿಂತ ದೊಡ್ಡದಲ್ಲದ ಚಿಪ್ಪಿನೊಳಗೆ ಸಿಲಿಕಾನಿನ ಒಂದು ತುಣುಕು ಸದಾ ಕಂಪಿಸುತ್ತಿರುತ್ತದೆ. ಕ್ಯಾಮೆರಾ ತಿರುಗಿದರೆ ಆ ಕಂಪನ ಅಡ್ಡಕ್ಕೆ ವಾಲುತ್ತದೆ. ಎಷ್ಟು ವಾಲಿತೆಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಕ್ಯಾಮೆರಾ ಎಷ್ಟು ತಿರುಗಿತು, ಯಾವ ಕಡೆಗೆ ತಿರುಗಿತು ಎಂದು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಆಮೇಲೆ ಕೆಲಸ ಆಯಸ್ಕಾಂತ ಮತ್ತು ತಂತಿಯ ಸುರುಳಿಯದ್ದು. ಅವು ಲೆನ್ಸಿನೊಳಗಿನ ಒಂದು ಗಾಜನ್ನೋ ಬಿಂಬ ಬೀಳುವ ಸೆನ್ಸರನ್ನೋ ಸರಿಸಿ, ಜಾರಿದ ಬಿಂಬವನ್ನು ಮೊದಲಿನ ಜಾಗಕ್ಕೇ ತಂದು ಬೀಳಿಸುತ್ತವೆ.

ಗಾಜು ಸರಿಸುವ ದಾರಿಯನ್ನು ಎಸ್‌ಎಲ್‌ಆರ್ ಲೆನ್ಸಿಗೆ ಮೊದಲು ತಂದದ್ದು ಕ್ಯಾನನ್, 1995ರಲ್ಲಿ, 75–300 ಎಂಎಂ ಲೆನ್ಸಿನಲ್ಲಿ. ಸೆನ್ಸರನ್ನೇ ಸರಿಸುವ ದಾರಿ 2003ರ ಮಿನೋಲ್ಟಾ ಡಿಮಾಜ್ ಎ1 ಕ್ಯಾಮೆರಾದ್ದು. ನನ್ನ ಕೆಲಸಕ್ಕೆ ನಿಜವಾಗಿ ಒದಗಿದ್ದು 2012ರಲ್ಲಿ ಒಲಿಂಪಸ್ ತಂದ ಐದು ಬಗೆಯ ತಿದ್ದುಪಡಿ. ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿನ ಹೊಕ್ಕು ಅಂಚಿನ ಹೊಕ್ಕಿಗೆ ಕೊಂಡಿ ಹಾಕಿಕೊಳ್ಳುವ ಜಾಗವೇ ಆ ನೇಯ್ಗೆಯ ಜೀವ. ಅದನ್ನು ಗೇಣುದೂರದಿಂದ ತೆಗೆಯುವಾಗ ಕ್ಯಾಮೆರಾ ವಾಲುವುದಷ್ಟೇ ಅಲ್ಲ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯುವುದೂ ಚಿತ್ರವನ್ನು ಕೆಡಿಸುತ್ತದೆ. ಐದು ಬಗೆಯ ವ್ಯವಸ್ಥೆ ಇದನ್ನೂ ತಿದ್ದುತ್ತದೆ. ಆದರೆ ಮೈ ಮುಂದಕ್ಕೆ ಹಿಂದಕ್ಕೆ ತೂಗಿ ಫೋಕಸ್ ತಪ್ಪಿದರೆ ಅದರ ಕೈಯಲ್ಲೂ ಆಗುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಗೋಡೆಗೆ ಒರಗಿಯೇ ನಿಲ್ಲಬೇಕು.

ಇನ್ನೊಂದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಸ್ಥಿರಗೊಳ್ಳುವುದು ನಮ್ಮ ಕೈ ಮಾತ್ರ, ಎದುರಿಗಿನ ಕೆಲಸವಲ್ಲ. ಹದಿನೈದನೇ ಒಂದು ಸೆಕೆಂಡಿನಲ್ಲಿ ಮಗ್ಗದ ಮರದ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ, ಲಾಳಿ ಮಾತ್ರ ಬಿಳಿ ಗೀಟಾಗಿ ಓಡಿರುತ್ತದೆ. ಲಾಳಿಯೂ ನಿಲ್ಲಬೇಕೆಂದರೆ ಶಟರ್ ವೇಗವನ್ನೇ ಏರಿಸಬೇಕು, ಅದಕ್ಕೆ ಐಎಸ್‌ಒ ಏರಿಸಬೇಕು, ಚಿತ್ರದಲ್ಲಿ ಕಾಳುಕಾಳು ಏಳುವುದನ್ನು ಸಹಿಸಬೇಕು. ನನಗೆ ಆ ಗೀಟೇ ಇಷ್ಟ. ಕೈಯ ವೇಗ ಅದರಲ್ಲಿ ಕಾಣುತ್ತದೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮುಳುಗಿಸಿದ ಊರು ರಾಜೋಳಿ. ಇಲ್ಲಿನ ನೇಯ್ಗೆಯ ಒಂದೊಂದು ಚಲನೆಯೂ ಚಿತ್ರವಾಗಿ ಉಳಿಯಬೇಕೆಂಬ ಆಸೆ ನನಗೆ ಬಹಳ.

ಈಗ ನೇಕಾರರ ಮಕ್ಕಳೇ ಮೊಬೈಲಿನಲ್ಲಿ ಸೀರೆಯ ವಿಡಿಯೊ ಮಾಡಿ ಗಿರಾಕಿಗಳಿಗೆ ಕಳಿಸುತ್ತಾರೆ. ಹಲವು ಮೊಬೈಲುಗಳು ವಿಡಿಯೊದ ನಡುಕವನ್ನು ಸಾಫ್ಟ್‌ವೇರಿನಿಂದಲೂ ತಿದ್ದುತ್ತವೆ. ಸೆನ್ಸರ್ ಕಂಡ ಚಿತ್ರದ ಸುತ್ತಲೂ ಸ್ವಲ್ಪ ಜಾಗ ಮೀಸಲಿಟ್ಟು, ಒಳಗಿನ ಚೌಕಟ್ಟನ್ನು ನಡುಕಕ್ಕೆ ಎದುರಾಗಿ ಸರಿಸುತ್ತವೆ. ಆ ಮೀಸಲು ಜಾಗ ವಿಡಿಯೊದಲ್ಲಿ ಬರುವುದಿಲ್ಲ, ಸೀರೆಯ ಅಂಚು ಅಲ್ಲೇ ಕತ್ತರಿಸಿಹೋಗುವುದುಂಟು. ಸ್ಟೆಬಿಲೈಸೇಶನ್ ಹಾಕಿದ ಮೇಲೆ ಪರದೆಯಲ್ಲಿ ಎರಡೂ ಅಂಚು ಕಾಣುತ್ತವೆಯೇ ನೋಡಿ, ಕಾಣದಿದ್ದರೆ ಅರ್ಧ ಹೆಜ್ಜೆ ಹಿಂದೆ ಸರಿದು ರೆಕಾರ್ಡ್ ಒತ್ತಿ.