ಬ್ಯಾಡಗಿಯ ಘಾಟು, ಮಾಗಡಿಯ ಹೆಬ್ಬಾತು

ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟವರಿಗೆ ಮೊದಲು ಕೆಮ್ಮು, ಆಮೇಲೆ ಮಾತು. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಆದರೂ ಚೀಲ ಸುರುವಿದಾಗ ಏಳುವ ದೂಳಿನ ಕ್ಯಾಪ್ಸೈಸಿನ್ ನಮ್ಮ ಗಂಟಲಿನ ನರತುದಿಗಳನ್ನು ಕೆಣಕಲು ಸಾಕು. ಹಕ್ಕಿಗಳಿಗೆ ಈ ಖಾರ ತಾಗದು. ಅದನ್ನು ಗುರುತಿಸುವ ಪ್ರೋಟೀನ್ ಅವುಗಳಲ್ಲೂ ಇದೆ, ಕ್ಯಾಪ್ಸೈಸಿನ್‌ಗೆ ಮಾತ್ರ ಮಿಸುಕುವುದಿಲ್ಲ. ಹಕ್ಕಿಗೂ ನಮಗೂ ಇನ್ನೂ ದೊಡ್ಡ ವ್ಯತ್ಯಾಸ ಇರುವುದು ಗಾಳಿ ಸಾಗುವ ದಾರಿಯಲ್ಲಿ.

ನಮ್ಮ ಶ್ವಾಸಕೋಶ ಒಂದೇ ಬಾಗಿಲಿನ ಮನೆ. ವಪೆ ಕೆಳಗಿಳಿದಾಗ ಒಳಬಂದ ಗಾಳಿ ಅದೇ ದಾರಿಯಲ್ಲಿ ಹೊರಹೋಗಬೇಕು. ಸಹಜವಾಗಿ ಉಸಿರು ಬಿಟ್ಟ ಮೇಲೂ ಎರಡು ಲೀಟರಿಗೂ ಹೆಚ್ಚು ಹಳೆಯ ಗಾಳಿ ಒಳಗೇ ಉಳಿದಿರುತ್ತದೆ. ಹೊಸದಾಗಿ ಬರುವುದು ಅರ್ಧ ಲೀಟರ್. ರಾಣೇಬೆನ್ನೂರು ಅಭಯಾರಣ್ಯದ ಕೃಷ್ಣಮೃಗದ್ದೂ ಇದೇ ಏರ್ಪಾಡು. ನಾಗಾಲೋಟದ ಸಸ್ತನಿಗಳು ಸಾಮಾನ್ಯವಾಗಿ ನೆಗೆತಕ್ಕೊಂದು ಉಸಿರಿನ ಲಯ ಹಿಡಿದು ಓಡುತ್ತವೆ. ಬೇಲಿಸಾಲಿನ ಓತಿಕ್ಯಾತಕ್ಕೆ ಆ ಅನುಕೂಲವಿಲ್ಲ. ಮೈ ಅತ್ತಿತ್ತ ಬಳುಕಿಸಿ ಓಡುವಾಗ ಪಕ್ಕೆಯ ಸ್ನಾಯುಗಳು ಓಟಕ್ಕೇ ಬೇಕಾಗಿ ಉಸಿರು ಕುಂಟುತ್ತದೆ. ಅದು ನಿಂತು ನಿಂತು ಓಡುವುದಕ್ಕೆ ಇದೂ ಒಂದು ಕಾರಣ.

ಬೆನ್ನೆಲುಬಿನ ಪ್ರಾಣಿಗಳಲ್ಲಿ ಉಸಿರಾಟದ ಜಾಣ್ಮೆ ನೋಡಬೇಕಾದರೆ ಹಕ್ಕಿಯಲ್ಲೇ ನೋಡಬೇಕು. ಚಳಿಗಾಲಕ್ಕೆ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟುವ ಹಕ್ಕಿ. ಈ ಜಾತಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಹಕ್ಕಿಯ ಶ್ವಾಸಕೋಶ ಹೆಚ್ಚುಕಡಿಮೆ ಗಡುಸಾಗಿಯೇ ಇರುತ್ತದೆ. ಉಬ್ಬಿ ಕುಗ್ಗುವ ಕೆಲಸ ಅದಕ್ಕೆ ಅಂಟಿದ ಗಾಳಿಚೀಲಗಳದು. ಎಳೆದ ಗಾಳಿಯ ಬಹುಪಾಲು ಮೊದಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಅದು ಶ್ವಾಸಕೋಶಕ್ಕೆ ಬರುತ್ತದೆ. ಮತ್ತೆ ಎಳೆದಾಗ ಮುಂದಿನ ಚೀಲಗಳಿಗೆ ಸರಿದು, ಇನ್ನೊಮ್ಮೆ ಬಿಟ್ಟಾಗ ಹೊರಬೀಳುತ್ತದೆ. ಹೀಗಾಗಿ ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದ ನಳಿಕೆಗಳಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಇದರ ಜೊತೆಗೆ ಹೆಬ್ಬಾತಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುತ್ತದೆ.

ಕಪ್ಪೆಗೆ ವಪೆ ಇಲ್ಲ. ಗಂಟಲನ್ನು ಮೇಲೆ ಕೆಳಗೆ ಆಡಿಸಿ ಗಾಳಿಯನ್ನು ಒಳದೂಡುತ್ತದೆ. ಉಳಿದದ್ದನ್ನು ಒದ್ದೆ ಚರ್ಮ ನೋಡಿಕೊಳ್ಳುತ್ತದೆ.

ಮೀನಿನ ಪಾಡು ಕಷ್ಟದ್ದು. ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ, ಬೇಸಿಗೆಯ ಕೆರೆನೀರಿನಲ್ಲಿ ಹೆಚ್ಚೆಂದರೆ ಐದಾರು. ಕಟ್ಲಾ, ರೋಹು ಕಿವಿರಿನ ಮೇಲೆ ನೀರು ಹಾಯಿಸಿ ಅಷ್ಟರಲ್ಲೇ ಬದುಕಬೇಕು. ಕೊರವ ಮೀನಿಗೆ ಕಿವಿರಿನ ಮೇಲ್ಗಡೆ ಗಾಳಿ ಹಿಡಿಯುವ ಗೂಡುಗಳಿವೆ. ಆಗಾಗ ಮೇಲೆ ಬಂದು ಗುಟುಕು ಗಾಳಿ ನುಂಗುವುದರಿಂದಲೇ ಅದು ಸಂತೆಯ ಒದ್ದೆ ಬುಟ್ಟಿಯಲ್ಲೂ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ. ದೊಡ್ಡ ಕೊರವಕ್ಕೆ ಕಿವಿರೊಂದೇ ಸಾಲದು. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.