ಉಪವಾಸದ ಎಲೆಯ ಮೇಲೆ ಬಟಾಟೆ

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಶ್ರಾವಣದ ಮಳೆ ಜಡಿಹಿಡಿದಾಗ ಹಿತ್ತಲಿನ ತರಕಾರಿ ಕೊಳೆತುಹೋಗುತ್ತದೆ. ಆಗ ಅಡುಗೆಮನೆಯನ್ನು ಸಲಹುವುದು ಹುಬ್ಬಳ್ಳಿಯ ಪೇಟೆಯಿಂದ ಬರುವ ಬಟಾಟೆ. ಸೋಮವಾರದ ಉಪವಾಸಗಳು ಬರುವುದೂ ಇದೇ ಮಾಸದಲ್ಲಿ. ಮಂಗಳವಾರ ಬೆಳಿಗ್ಗೆ ಚಿಕಿತ್ಸಾಲಯಕ್ಕೆ ಬರುವ ಮಧುಮೇಹಿಗಳಲ್ಲಿ ಕೆಲವರ ರಕ್ತದ ಸಕ್ಕರೆ ಉಳಿದ ದಿನಗಳಿಗಿಂತ ಏರಿರುವುದನ್ನು ಬಹುಕಾಲದಿಂದ ಕಾಣುತ್ತಿದ್ದೇನೆ. “ನಿನ್ನೆ ಒಂದಗುಳು ಅನ್ನ ಮುಟ್ಟಿಲ್ಲ ಡಾಕ್ಟ್ರೇ” ಎಂದು ಅವರು ಹೇಳುವುದು ಸುಳ್ಳಲ್ಲ. ಅನ್ನಕ್ಕೆ ಬದಲಾಗಿ ಏನನ್ನು ಸೇವಿಸಿದರೆಂಬುದೇ ವಿಚಾರಣೀಯ.

ಒಂದು ತಟ್ಟೆ ಸಾಬೂದಾನಿ ಖಿಚಡಿಯ ಲೆಕ್ಕ ನೋಡೋಣ. 100 ಗ್ರಾಂ ಒಣ ಸಾಬೂದಾನಿಯಲ್ಲಿ ಸುಮಾರು 350 ಕ್ಯಾಲೊರಿ. ಅದು ಬಹುತೇಕ ಬರಿಯ ಪಿಷ್ಟ. ಎರಡು ದೊಡ್ಡ ಚಮಚ ಎಣ್ಣೆಗೆ ಸುಮಾರು 250, ಒಂದು ಹಿಡಿ ಶೇಂಗಾಕ್ಕೆ 140. ಅದರೊಳಗಿನ 100 ಗ್ರಾಂ ಬೇಯಿಸಿದ ಬಟಾಟೆಗೆ ಕೇವಲ 87. ಒಟ್ಟು ಎಂಟುನೂರನ್ನು ಮೀರಿತು. ಇಷ್ಟು ಕ್ಯಾಲೊರಿ ಅನ್ನದಿಂದ ಬರಬೇಕಾದರೆ ಅರ್ಧ ಕಿಲೋಗಿಂತ ಹೆಚ್ಚು ಅನ್ನ ಉಣ್ಣಬೇಕು. ಮನೆಯವರೆಲ್ಲ ಬಟಾಟೆಯನ್ನು ದೂರುತ್ತಾರೆ. ಆದರೆ ಆ ತಟ್ಟೆಯಲ್ಲಿ ಅದರ ಪಾಲೇ ಅತಿ ಕಡಿಮೆಯದು.

ಬಟಾಟೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ನೀರು. ಬೇಯಿಸಿದ 100 ಗ್ರಾಮಿನಲ್ಲಿ ಪಿಷ್ಟ ಮೊದಲಾದ ಶರ್ಕರಪದಾರ್ಥ ಸುಮಾರು 20 ಗ್ರಾಂ, ಪ್ರೋಟೀನು 2 ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು ಅಲ್ಪ. ಸಿಪ್ಪೆಯೊಡನೆ ಬೇಯಿಸಿದರೆ ಸಿ ಜೀವಸತ್ವವೂ ಪೊಟ್ಯಾಷಿಯಮ್ಮೂ ಸಾಕಷ್ಟು ಉಳಿಯುತ್ತವೆ. ಅದನ್ನೇ ತೆಳ್ಳಗೆ ಹೆರೆದು ಎಣ್ಣೆಯಲ್ಲಿ ಕರಿದಾಗ ನೀರು ಹೊರಟುಹೋಗಿ ಆ ಜಾಗಕ್ಕೆ ಎಣ್ಣೆ ಸೇರುತ್ತದೆ. 100 ಗ್ರಾಂ ಚಿಪ್ಸಿನಲ್ಲಿ ಐನೂರಕ್ಕೂ ಹೆಚ್ಚು ಕ್ಯಾಲೊರಿ, ಮೂವತ್ತು ಗ್ರಾಮಿಗೂ ಮೀರಿದ ಕೊಬ್ಬು. ಉಪವಾಸವೆಂದು ಪೊಟ್ಟಣ ಬಿಚ್ಚುವ ತರುಣರು ಇದನ್ನು ಅರಿಯಬೇಕು.

ಬಟಾಟೆ ಉಪವಾಸಕ್ಕೆ ಶಾಸ್ತ್ರವಿಹಿತವೇ ಎಂದು ಕೇಳುವವರುಂಟು. ಚರಕ, ಸುಶ್ರುತರು ಇದನ್ನು ಕಂಡವರಲ್ಲ. ದಕ್ಷಿಣ ಅಮೆರಿಕದ ಈ ಗಡ್ಡೆಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಬಟಾಟೆಯೆಂಬ ಹೆಸರೂ ಅವರದೇ. ಪ್ರಾಚೀನ ಗ್ರಂಥಗಳ ‘ಆಲುಕ’ ಬೇರೆ ಗಡ್ಡೆಗಳನ್ನು ಸೂಚಿಸುವ ಪದ. ಗುಣವನ್ನು ನೋಡಿ ಹೇಳುವುದಾದರೆ ಬಟಾಟೆ ಗುರು. ಕರಿದಾಗ ಇನ್ನಷ್ಟು ಗುರು. ಆಯುರ್ವೇದವು ಉಪವಾಸವನ್ನು ಲಂಘನದಲ್ಲಿ ಸೇರಿಸಿರುವುದು ದೇಹಕ್ಕೆ ಲಾಘವ ಬರಲೆಂದು. ಕಂದಗಳಲ್ಲಿ ನಮ್ಮ ಆಚಾರ್ಯರು ಶ್ರೇಷ್ಠವೆಂದದ್ದು ಸುವರ್ಣಗಡ್ಡೆಯನ್ನು. ಮೂಲವ್ಯಾಧಿಯಲ್ಲಿ ಹಿತವಾದ್ದರಿಂದ ಅದಕ್ಕೆ ಅರ್ಶೋಘ್ನವೆಂಬ ಹೆಸರೂ ಇದೆ. ಪಕ್ಕದ ಜೋಯಿಡಾದ ಗಡ್ಡೆ-ಗೆಣಸು ಮೇಳಕ್ಕೆ ಹೋದವರಿಗೆ ನಮ್ಮ ನೆಲದ ಕಂದಸಂಪತ್ತು ಎಷ್ಟೆಂಬುದು ತಿಳಿದೀತು. ಆದರೆ ಕೆಸುವು, ಗೆಣಸುಗಳೂ ಪಿಷ್ಟದವೇ. ಊರಿನ ಗಡ್ಡೆಯೆಂಬ ಮಾತ್ರಕ್ಕೆ ಸಕ್ಕರೆ ಏರದೆಂದು ಭಾವಿಸಲಾಗದು.

ಇನ್ನು ಕೆಲವರು ಬಟಾಟೆಯನ್ನು ಸಂಪೂರ್ಣ ವರ್ಜಿಸಿ, ಅನ್ನವನ್ನು ಮಾತ್ರ ಮೂರು ಬಾರಿ ಬಡಿಸಿಕೊಳ್ಳುತ್ತಾರೆ. ಇದರಿಂದ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ಹೇಳುವಾಗ ಬಟಾಟೆಯನ್ನು ಆ ಲೆಕ್ಕದಿಂದ ಹೊರಗಿಟ್ಟಿದೆ. ಅದು ಅನ್ನದ ಪಂಕ್ತಿಯದು. ಬಟಾಟೆ ಪಲ್ಯ ಮಾಡಿದ ದಿನ ಮಧುಮೇಹಿಯು ಅಷ್ಟೇ ಅನ್ನವನ್ನು ಎಲೆಯಿಂದ ತೆಗೆದಿಡಲಿ. ಜೊತೆಗೆ ಬಸಳೆ, ಹರಿವೆ, ಬೇಳೆ ಇರಲಿ.

ಒಂದು ವಿಷಯದಲ್ಲಿ ಮಾತ್ರ ಸಲುಗೆ ಕೂಡದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಬೆಳಿಗ್ಗೆ ತೆಗೆದುಕೊಂಡು ಸಂಜೆಯವರೆಗೆ ಬರಿಹೊಟ್ಟೆಯಲ್ಲಿರುವುದು ಪ್ರಾಣಾಪಾಯದ ಸಂಗತಿ. ಬೆವರು, ನಡುಕ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಕಂಡರೆ ಪೂಜೆ ಮುಗಿಯಲೆಂದು ಕಾಯಬಾರದು. ಎಚ್ಚರವಿದ್ದವರಿಗೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಶ್ರಾವಣಕ್ಕೆ ಮುನ್ನವೇ ತಮ್ಮ ವೈದ್ಯರನ್ನು ಕಂಡು, ಉಪವಾಸದ ದಿನದ ಔಷಧದ ಪ್ರಮಾಣವನ್ನು ನಿಶ್ಚಯಿಸಿಕೊಳ್ಳುವುದು ಕ್ಷೇಮ.

ಮಳೆಗಾಲದಲ್ಲಿ ತಂದಿಟ್ಟ ಬಟಾಟೆ ಬೇಗ ಮೊಳೆಯುತ್ತದೆ. ಬೆಳಕು ತಗುಲಿದರೆ ಹಸಿರಾಗುತ್ತದೆ. ಹಸಿರಾದಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚಿರುವ ಸಂಭವವಿದ್ದು, ಬೇಯಿಸಿದರೂ ಅದು ಹೋಗದು. ತುಸು ಹಸಿರಿದ್ದರೆ ಆಳವಾಗಿ ಕೆತ್ತಿ ತೆಗೆಯಬೇಕು. ಬಹಳವಾಗಿದ್ದರೆ ಅಥವಾ ಕಹಿಯೆನಿಸಿದರೆ ಎಸೆಯಬೇಕು. ಕತ್ತಲೆಯ, ಗಾಳಿಯಾಡುವ ಮೂಲೆ ಇದಕ್ಕೆ ಯೋಗ್ಯ.

ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಷಿಯಮ್ ಮಿತಿಗೊಳಿಸಬೇಕಾದವರು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕು. ಬರಿದೆ ನೆನೆಸಿಟ್ಟರೆ ಸಾಲದು. ಆ ನೀರನ್ನು ಸಾರಿಗೆ ಬಳಸುವ ಪದ್ಧತಿ ಹಲವು ಮನೆಗಳಲ್ಲಿದೆ. ಇಂಥ ರೋಗಿಯಿರುವ ಮನೆಯಲ್ಲಿ ಅದು ಬೇಡ.